ಒಬ್ಬಟ್ಟಿನ ಸಾರೂ ಉರುಳುವ ಕಲ್ಲುಗಳೂ

ಒಬ್ಬಟ್ಟಿನ ಸಾರಿನ ನಿಜವಾದ ರುಚಿ ಹಬ್ಬದ ದಿನ ಗೊತ್ತಾಗುವುದಿಲ್ಲ. ಬೇಳೆ ಬಸಿದ ಕಟ್ಟು, ಹುಣಸೆಹುಳಿ, ಖಾರ, ಒಂದು ಹಿಡಿ ಹೂರಣ ಇವೆಲ್ಲ ಮೊದಲ ದಿನ ಒಂದೇ ಪಾತ್ರೆಯಲ್ಲಿದ್ದೂ ಒಂದರ ಪರಿಚಯ ಇನ್ನೊಂದಕ್ಕೆ ಇಲ್ಲದಂತೆ ಇರುತ್ತವೆ. ಎರಡನೆಯ ದಿನ ಮತ್ತೊಂದು ಕುದಿ ಕಂಡು, ಮೂರನೆಯ ದಿನ ತಳ ಹಿಡಿಯುವಷ್ಟು ಗಟ್ಟಿಯಾದ ಮೇಲೆಯೇ ಅದಕ್ಕೆ ಸಾರು ಎಂಬ ಹೆಸರು ಸಲ್ಲುತ್ತದೆ. 2003ರಲ್ಲಿ ಯುಗಾದಿ ಏಪ್ರಿಲ್ 2ರಂದು ಬಂದಿತ್ತು. ಆ ಲೆಕ್ಕಕ್ಕೆ ಸಾರು ಹದಕ್ಕೆ ಬಂದ ದಿನವೇ, ಅಂದರೆ ಏಪ್ರಿಲ್ 4ರ ಶುಕ್ರವಾರ, ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಅದನ್ನು ಬೆಳಿಗ್ಗೆಯೇ ಅವಸರವಾಗಿ ಉಂಡು ನಾನು ಬೆಂಗಳೂರಿನ ರೈಲು ಹತ್ತಬೇಕಾಗಿತ್ತು. ಸಂಜೆ ಅಲ್ಲಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡದವರ ಕಾರ್ಯಕ್ರಮವಿತ್ತು. ಟಿಕೆಟ್ಟಿನ ಬೆಲೆಯನ್ನು ಮನೆಯಲ್ಲಿ ಅರ್ಧಕ್ಕೆ ಇಳಿಸಿ ಹೇಳಿದ್ದೆ; ಆ ಅರ್ಧಕ್ಕೇ ಸಾಕಷ್ಟು ಮಾತು ಕೇಳಿದ್ದೆ.

ಬೆಂಗಳೂರಿನ ಗೆಳೆಯ ಟಿಕೆಟ್ಟಿನ ಜೊತೆಗೆ ಒಂದು ಕಪ್ಪು ಟೀ ಶರ್ಟನ್ನೂ ಕಳಿಸಿದ್ದ. ಅದರ ಎದೆಯ ಮೇಲೆ ತೆರೆದ ಕೆಂಪು ತುಟಿಗಳ ನಡುವಿನಿಂದ ಹೊರಚಾಚಿದ ದೊಡ್ಡ ನಾಲಿಗೆ. ಅದನ್ನು ಹಾಕಿಕೊಂಡು ಹೊರಟವನನ್ನು ಅಮ್ಮ ಅಡುಗೆಮನೆಯ ಬಾಗಿಲಲ್ಲೇ ತಡೆದು, "ಕಟ್ಟೋ ಮನೆಗೆ ದೃಷ್ಟಿಬೊಂಬೆ ಹಾಕೋದು ಕಂಡಿದ್ದೀನಿ, ಮೈಮೇಲೆ ಹಾಕ್ಕೊಂಡು ಊರಿಗೆ ಹೋಗೋದನ್ನ ಇವತ್ತೇ ಕಂಡದ್ದು ಕಣೋ" ಎಂದರು. ನಾನು ನಕ್ಕೆ. ನಗಬಾರದಿತ್ತೆಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. 1970ರಲ್ಲಿ ತಂಡಕ್ಕೊಂದು ಲಾಂಛನ ಬೇಕೆಂದು ಅದರ ಹಾಡುಗಾರ ಮಿಕ್ ಜಾಗರ್ ಲಂಡನ್ನಿನ ಕಲಾಶಾಲೆಯ ವಿದ್ಯಾರ್ಥಿಯಾಗಿದ್ದ ಜಾನ್ ಪಾಶ್ ಎಂಬುವನನ್ನು ಕೇಳಿದಾಗ, ಮಾದರಿಯಾಗಿ ಮುಂದಿಟ್ಟದ್ದು ನಾಲಿಗೆ ಚಾಚಿದ ನಮ್ಮ ಕಾಳಿಯ ಪಟವನ್ನೇ ಅಂತೆ. ಆ ಹುಡುಗನಿಗೆ ಅದಕ್ಕಾಗಿ ಕೊಟ್ಟದ್ದು 50 ಪೌಂಡು. ರಾಕ್ ಸಂಗೀತದ ಗಂಧವೇ ಇಲ್ಲದ ಅಮ್ಮ ಆ ನಾಲಿಗೆಯ ಕುಲಗೋತ್ರವನ್ನು ಒಂದೇ ನೋಟಕ್ಕೆ ಹೇಳಿಬಿಟ್ಟಿದ್ದರು.

ನನ್ನ ಜೊತೆಗೆ ಹೊರಟವನು ಭಾವಮೈದ. ಅವನಿಗೆ ರಾಕ್ ಎಂದರೆ ಗದ್ದಲ ಎಂಬುದಷ್ಟೇ ಗೊತ್ತು. ಉಳಿದಿದ್ದ ಎರಡನೆಯ ಟಿಕೆಟ್ಟು ವ್ಯರ್ಥವಾಗುವುದನ್ನು ಸಹಿಸಲಾರದೆ ಬಂದವನು. ಖಜಾನೆ ಇಲಾಖೆಯಲ್ಲಿ ಪಿಂಚಣಿ ಕಡತಗಳ ನಡುವೆಯೇ ಬದುಕುತ್ತಿದ್ದ ಆತ, ರೈಲು ಮಂಡ್ಯ ದಾಟಿ ಮದ್ದೂರಿನಲ್ಲಿ ವಡೆ ಕೈಗೆ ಬರುವ ಹೊತ್ತಿಗೆ, ಪತ್ರಿಕೆಯಲ್ಲಿ ಬಂದಿದ್ದ ಕಲಾವಿದರ ವಯಸ್ಸುಗಳನ್ನು ಬಹಳ ಗಂಭೀರವಾಗಿ ಪರಿಶೀಲಿಸಿ ಮುಗಿಸಿದ್ದ. ಜಾಗರ್‌ಗೆ 59, ಕೀತ್ ರಿಚರ್ಡ್ಸ್‌ಗೆ 59, ಡ್ರಮ್ಸ್ ಬಾರಿಸುವ ಚಾರ್ಲಿ ವಾಟ್ಸ್‌ಗೆ 61, ರಾನಿ ವುಡ್‌ಗೆ 55. ನಮ್ಮ ರಾಜ್ಯ ಸರ್ಕಾರದಲ್ಲಿ ಆಗಿನ ನಿವೃತ್ತಿ ವಯಸ್ಸು 58. ವಡೆಯ ಎಣ್ಣೆಯನ್ನು ಅದೇ ಪತ್ರಿಕೆಗೆ ಒರೆಸುತ್ತಾ ಅವನು ತೀರ್ಪು ಕೊಟ್ಟ: "ಭಾವ, ಈ ನಾಲ್ವರಲ್ಲಿ ಸರ್ವಿಸ್‌ನಲ್ಲಿರೋನು ಒಬ್ಬನೇ. ಮಿಕ್ಕ ಮೂರೂ ಪೆನ್ಷನ್ ಕೇಸು."

ಈ ಬಗೆಯ ಹಾಸ್ಯವನ್ನು ಇಂಗ್ಲಿಷ್ ಪತ್ರಿಕೆಗಳೂ ಆಗ ಧಾರಾಳವಾಗಿ ಮಾಡುತ್ತಿದ್ದವು. 1962ರ ಜುಲೈನಲ್ಲಿ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮೊದಲು ಹಾಡಿದವರು 40 ವರ್ಷಗಳಾದರೂ ಕುಣಿಯುತ್ತಿದ್ದಾರಲ್ಲ ಎಂಬುದು ಅವರಿಗೆ ನಗೆಯ ವಸ್ತುವಾಗಿತ್ತು. ಮೈಸೂರಿನಲ್ಲಿ ಬೆಳೆದ ನನಗೆ ಇದರಲ್ಲಿ ನಗುವಂಥದ್ದು ಏನಿದೆಯೆಂಬುದು ಇಂದಿಗೂ ಅರ್ಥವಾಗಿಲ್ಲ. ನಮ್ಮಲ್ಲಿ ರಾಮನವಮಿಯ ಚಪ್ಪರದಡಿ ಕುಳಿತ ವಿದ್ವಾಂಸರಿಗೆ ಅರವತ್ತು ದಾಟಿದೆಯೆಂದರೆ ಜನ ಇನ್ನಷ್ಟು ಮುಂದೆ ಸರಿದು ಕೂರುತ್ತಾರೆ. ಶಾರೀರ ಸ್ವಲ್ಪ ನಡುಗಿದರೂ ಆ ನಡುಕದ ಹಿಂದಿರುವ ರಾಗದ ನಿಲುವನ್ನು ಹುಡುಕಿ ತಲೆದೂಗುವುದು ರಸಿಕರ ಹೊಣೆಯೆಂದು ನಾವು ತಿಳಿದವರು. ಮೂವತ್ತರ ಗಾಯಕನನ್ನು ಕುರಿತು ನಮ್ಮ ಹಿರಿಯರು ಹೇಳುವ ಅತ್ಯುನ್ನತ ಪ್ರಶಂಸೆಯೂ "ಪರವಾಗಿಲ್ಲ, ಇನ್ನೂ ಮಾಗಬೇಕು" ಎಂಬುದೇ. ಒಂದೇ ಕೀರ್ತನೆಯನ್ನು 40 ವರ್ಷ ಹಾಡಿದರೆ ಅದು ಹಳತಾಯಿತೆನ್ನುವುದಿಲ್ಲ. ಅದು ಕುದಿಯುತ್ತಿದೆ ಎನ್ನುತ್ತೇವೆ.

ಬೆಂಗಳೂರಿಗೆ ಹೋದರೂ ನಾವು ಹೋದದ್ದು ಮೈಸೂರು ಅರಸರ ಅರಮನೆಯ ಅಂಗಳಕ್ಕೇ ಎಂಬ ಸಮಾಧಾನವೂ ನನಗಿತ್ತು. ಪಾಶ್ಚಾತ್ಯ ಸಂಗೀತ ಅರಮನೆಗೆ ಹೊಸದೇನಲ್ಲ. ಶ್ರೀವಿದ್ಯೆಯ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ, ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್‌ನ ರಚನೆಗಳು ಧ್ವನಿಮುದ್ರಣಗೊಳ್ಳಲೆಂದು ಹಣ ಕೊಟ್ಟವರು. ಅವರು ಇದ್ದಿದ್ದರೆ ಈ ಕಚೇರಿಗೂ ಬರುತ್ತಿದ್ದರೆಂದು ಭಾವಮೈದನಿಗೆ ಹೇಳಿದೆ. ಅವನು ಕಾಲಿನ ಕಡೆ ನೋಡುತ್ತಿದ್ದ. ಬೇಸಿಗೆಯ ಮಳೆ ಬಿದ್ದು ಮೈದಾನವೆಲ್ಲ ಕೆಸರಾಗಿತ್ತು; ಹಬ್ಬಕ್ಕೆಂದು ಕೊಂಡ ಹೊಸ ಚಪ್ಪಲಿ ಅವನದು.

ವೇದಿಕೆಯ ಮೇಲೆ ಅವರು ಬಂದ ಕ್ಷಣವನ್ನು ವರ್ಣಿಸುವುದು ಕಷ್ಟವೂ ಹೌದು, ಅನಗತ್ಯವೂ ಹೌದು. ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳಿಸಿತೆಂದರೆ ಸಾಕು. ಜಾಗರ್ ಆ ಉದ್ದನೆಯ ವೇದಿಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಓಡುತ್ತಿದ್ದ ರೀತಿಯನ್ನು ನೋಡಿ ಭಾವಮೈದ ತನ್ನ ಪಿಂಚಣಿ ತೀರ್ಪನ್ನು ಮೌನವಾಗಿ ಹಿಂತೆಗೆದುಕೊಂಡನೆಂದು ತೋರುತ್ತದೆ, ಏಕೆಂದರೆ ಬಹಳ ಹೊತ್ತು ಅವನು ಬಾಯಿ ತೆರೆಯಲಿಲ್ಲ. ಆದರೆ ನನ್ನ ಕಣ್ಣು ನಿಂತದ್ದು ಓಡುವವನ ಮೇಲಲ್ಲ, ಕೂತವನ ಮೇಲೆ. ಚಾರ್ಲಿ ವಾಟ್ಸ್‌ನ ಮುಂದಿದ್ದ ಡ್ರಮ್ಮುಗಳು ನಮ್ಮೂರ ಆರ್ಕೆಸ್ಟ್ರಾದವರು ಗಣೇಶನ ಪೆಂಡಾಲಿನಲ್ಲಿ ಜೋಡಿಸುವುದಕ್ಕಿಂತಲೂ ಕಡಿಮೆ. ಅಷ್ಟು ದೊಡ್ಡ ಗದ್ದಲದ ನಡುವೆ ಆತ, ಮದುವೆಮನೆಗೆ ಬಂದು ಊಟದ ಪಂಕ್ತಿಗೆ ಕಾಯುತ್ತಿರುವ ಹಿರಿಯರಂತೆ, ಯಾರ ಗೊಡವೆಯೂ ಇಲ್ಲದೆ ಕೂತಿದ್ದ. ದೊಡ್ಡ ಪರದೆಯ ಮೇಲೆ ಅವನ ಕೈಗಳನ್ನು ಹತ್ತಿರದಿಂದ ತೋರಿಸಿದಾಗ ಒಂದು ವಿಚಿತ್ರ ಕಂಡಿತು. ಬಲಗೈ ತಾಳದಂಥ ಜೋಡಿ ತಟ್ಟೆಗಳ ಮೇಲೆ ಒಂದೇ ಸಮನೆ ನಡೆಯುತ್ತಿರುತ್ತದೆ. ಎಡಗೈ ಡ್ರಮ್ಮಿನ ಮೇಲೆ ಬೀಳುವ ಗಳಿಗೆಯಲ್ಲಿ ಮಾತ್ರ ಬಲಗೈ ತಟ್ಟೆಯನ್ನು ಮುಟ್ಟದೆ ಮೇಲೇಳುತ್ತದೆ. ಎರಡು ಪೆಟ್ಟು ಒಟ್ಟಿಗೆ ಬೀಳಲು ಅವನು ಬಿಡುವುದಿಲ್ಲ. ಎಡಗೈಯ ಆ ಪೆಟ್ಟಿಗೆ ತಾನೊಂದೇ ನಿಲ್ಲುವಷ್ಟು ಜಾಗ ಮಾಡಿಕೊಟ್ಟು, ಅದು ಮುಗಿದ ಮೇಲೆ ಬಲಗೈ ಏನೂ ಆಗದವರಂತೆ ಮತ್ತೆ ಕೆಲಸಕ್ಕೆ ಇಳಿಯುತ್ತದೆ.

ಇದನ್ನು ಮೊದಲು ಗುರುತಿಸಿದವನು ನಾನಲ್ಲ, ಭಾವಮೈದ. ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣಪತಿ ಉತ್ಸವದ ಕಚೇರಿಗಳಲ್ಲಿ ಮೃದಂಗದವರ ಎದುರಿಗೇ ಜಾಗ ಹಿಡಿದು ಕೂರುವ ಚಟದ ಅವನಿಗೆ, ಎಲ್ಲಿ ಲಯ ಕಂಡರೂ ಬಲಗೈ ತೊಡೆಗೆ ಹೋಗುತ್ತದೆ. ಇಲ್ಲಿ ಕೂರಲು ಜಾಗವಿಲ್ಲದ್ದರಿಂದ ನಿಂತೇ ತೊಡೆಗೆ ಆದಿತಾಳ ಹಾಕುತ್ತಿದ್ದ. ತೊಂದರೆ ಎಲ್ಲಿ ಬಂದಿತೆಂದರೆ, ನಾವು ಪೆಟ್ಟು ಹಾಕಿ ಆಮೇಲೆ ಬೆರಳು ಎಣಿಸುವವರು. ಈ ಸಂಗೀತದಲ್ಲಿ ಒತ್ತು ಬೀಳುವುದು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ. ಸುತ್ತಲ ಹುಡುಗರು ಚಪ್ಪಾಳೆ ತಟ್ಟುವಾಗ ಇವನ ಕಿರುಬೆರಳು ಮಡಚುತ್ತಿತ್ತು, ಇವನು ಪೆಟ್ಟು ಹಾಕುವಾಗ ಅವರ ಕೈಗಳು ಗಾಳಿಯಲ್ಲಿದ್ದವು. ಮೂರು ಹಾಡುಗಳವರೆಗೂ ಅವನು ಇಡೀ ಮೈದಾನ ತಾಳ ತಪ್ಪಿದೆಯೆಂದೇ ನಂಬಿದ್ದ. ನಾಲ್ಕನೆಯದರಲ್ಲಿ ಸೋತು ಅವರ ಜೊತೆ ಚಪ್ಪಾಳೆ ತಟ್ಟಿದ.

ಕೀತ್ ರಿಚರ್ಡ್ಸ್‌ನ ಗಿಟಾರಿನದು ಇನ್ನೊಂದು ಕಥೆ. ಗಿಟಾರಿಗೆ ಆರು ತಂತಿ. 1960ರ ದಶಕದ ಕೊನೆಗೆ ಈತ ಅತಿ ಮಂದ್ರದ ತಂತಿಯನ್ನು ಕಿತ್ತೆಸೆದು, ಉಳಿದ ಐದನ್ನು ಬೆರಳೇ ಇಡದೆ ಮೀಟಿದರೂ ಒಂದು ಸ್ವರಮೇಳ ಹೊಮ್ಮುವಂತೆ ಶ್ರುತಿ ಮಾಡಿಕೊಂಡ. ತಂಡದ ಎಷ್ಟೋ ಪ್ರಸಿದ್ಧ ಹಾಡುಗಳು ಆ ಐದು ತಂತಿಗಳ ಮೇಲೆಯೇ ನಿಂತಿವೆ. ಅದನ್ನು ಕೇಳುತ್ತಾ ನನಗೆ ನೆನಪಾದವರು ತಿರುಮಕೂಡಲಿನ ಚೌಡಯ್ಯನವರು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಿಸಬೇಕೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರನ್ನು ಸೇರಿಸಿ ಏಳು ಮಾಡಿದರು. ಒಬ್ಬರು ಸೇರಿಸಿದರು, ಒಬ್ಬರು ಕಿತ್ತರು. ಇಬ್ಬರೂ ಅಂಗಡಿಯಲ್ಲಿ ಸಿಕ್ಕ ವಾದ್ಯವನ್ನು ಸಿಕ್ಕ ಹಾಗೆಯೇ ಒಪ್ಪಿಕೊಳ್ಳದ ಮೊಂಡರು. ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಆ ಮೈದಾನದಿಂದ ಹೆಚ್ಚು ದೂರವಿಲ್ಲ. ಅಂದಿನ ಶಬ್ದ ಅಲ್ಲಿಯವರೆಗೂ ಹೋಗಿದ್ದರೆ, ಕೊನೆಯ ಸಾಲಿನವನ ಚಿಂತೆ ನೀಗಿತಲ್ಲ ಎಂದು ಅವರೂ ಮೆಚ್ಚುತ್ತಿದ್ದರೇನೋ.

1965ರ ಆ ಹಾಡು, ನಿದ್ದೆಗಣ್ಣಿನಲ್ಲಿ ಕೀತ್ ಟೇಪ್ ರೆಕಾರ್ಡರಿಗೆ ನುಡಿಸಿಟ್ಟು ಮಲಗಿದನೆಂದೂ ಉಳಿದ ಕ್ಯಾಸೆಟ್ಟಿನ ತುಂಬ ಅವನ ಗೊರಕೆಯೇ ಇತ್ತೆಂದೂ ಅವನೇ ಹೇಳಿಕೊಂಡಿರುವ 'ಸ್ಯಾಟಿಸ್ಫ್ಯಾಕ್ಷನ್', ಬಂದಾಗ ನಾನೂ ಕೂಗಿದೆ. ಇಪ್ಪತ್ತೊಂದರಲ್ಲಿ ತೃಪ್ತಿಯಿಲ್ಲವೆಂದು ಹಾಡುವುದು ಯಾರಿಗೂ ಸಾಧ್ಯ. ಐವತ್ತೊಂಬತ್ತರಲ್ಲಿ, ಹಣ, ಹೆಸರು, ಮೊಮ್ಮಕ್ಕಳು ಎಲ್ಲ ಇದ್ದು, ಅದೇ ಮಾತನ್ನು ಮೈಯೆಲ್ಲ ಬೆವರಾಗಿ ಹೇಳುವವನನ್ನು ನಂಬಬೇಕೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿ, ಕೊನೆಗೆ ನಂಬಿದೆ. ಈಗ ನನಗೇ 59. ನಂಬಿದ್ದು ಸರಿಯಾಗಿಯೇ ಇತ್ತು.

ಮೆಜೆಸ್ಟಿಕ್ಕಿನಲ್ಲಿ ನಡುರಾತ್ರಿಯ ಮೈಸೂರು ಬಸ್ಸು ಸಿಕ್ಕಿತು. ಕಿವಿಯಲ್ಲಿ ತಂಬೂರಿಯ ಹಾಗೆ ಒಂದೇ ನಾದ ಗುಂಯ್‌ಗುಟ್ಟುತ್ತಿದ್ದುದರಿಂದ ಇಬ್ಬರೂ ಕಿರುಚಿಯೇ ಮಾತಾಡುತ್ತಿದ್ದೆವೆಂಬುದು, ಮುಂದಿನ ಸೀಟಿನವರು ಎರಡನೆಯ ಬಾರಿ ತಿರುಗಿ ನೋಡಿದಾಗಲೇ ಗೊತ್ತಾದದ್ದು. ಚನ್ನಪಟ್ಟಣ ದಾಟುವ ಮೊದಲೇ ಭಾವಮೈದ ನಿದ್ದೆಹೋದ. ನಿದ್ದೆಯಲ್ಲೂ ಅವನ ಕೈ ತೊಡೆಯ ಮೇಲೆ ಎರಡಕ್ಕೂ ನಾಲ್ಕಕ್ಕೂ ಅಲ್ಲಾಡುತ್ತಿತ್ತು. 2021ರ ಆಗಸ್ಟಿನಲ್ಲಿ ಚಾರ್ಲಿ ವಾಟ್ಸ್ ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಫೋನ್ ಮಾಡಿದವನೂ ಅವನೇ. ಹೆಸರು ಅವನ ಬಾಯಿಗೆ ಬರಲಿಲ್ಲ. "ಭಾವ, ಕೈ ಎತ್ತುತಿದ್ದೋರು ಹೋಗಿಬಿಟ್ಟರಂತೆ" ಎಂದ.

ಅಂದು ನಾವು ಮನೆ ಸೇರಿದಾಗ ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಚುಕ್ಕಿ ಇಡುತ್ತಿದ್ದರು. ಹೇಗಿತ್ತೆಂದು ಕೇಳಿದರು, ಚೆನ್ನಾಗಿತ್ತೆಂದೆ.

"ಕೊನೇಲಿ ಮಂಗಳ ಹಾಡಿದರೇನೋ?"

ಇಲ್ಲಮ್ಮ, ಅವರಲ್ಲಿ ಆ ಪದ್ಧತಿಯಿಲ್ಲ, ಜನ ಕೂಗಿದರೆ ಮತ್ತೆ ಬಂದು ಇನ್ನೂ ಹಾಡುತ್ತಾರೆ ಎಂದೆ.

"ಹಾಗಿದ್ದ ಮೇಲೆ ಕಚೇರಿ ಮುಗಿದಿಲ್ಲ ಅನ್ನು" ಎಂದು ಅವರು ಚುಕ್ಕಿಗಳನ್ನು ಜೋಡಿಸತೊಡಗಿದರು. "ಸಾರು ಇನ್ನೂ ಇದೆ, ಕುದಿಸಿ ಇಟ್ಟಿದ್ದೀನಿ. ಕೆಸರು ಕಾಲು ತೊಳ್ಕೊಂಡು ಬನ್ನಿ. ಆ ನಾಲಿಗೆ ಅಂಗೀನ ಮಾತ್ರ ಹೊರಗೇ ಬಿಚ್ಚಿಡು."