ಗರಿಗರಿ ಬೇಕು ಅಂತ ಎಣ್ಣೆ ಸುರಿಯಬೇಡಿ

ಓವನ್‌ನಲ್ಲಿ ಮಾಡಿದ ಫ್ರೈಸ್ ಬಗ್ಗೆ ಎಲ್ಲರದ್ದೂ ಎರಡೇ ದೂರು. ಒಂದೋ ಮೆತ್ತಗಾಗುತ್ತದೆ, ಇಲ್ಲವೇ ಒಣಗಿ ಗಟ್ಟಿಯಾಗುತ್ತದೆ. ಎರಡಕ್ಕೂ ಹುಡುಕುವ ಪರಿಹಾರ ಮಾತ್ರ ಒಂದೇ, ಇನ್ನೊಂದು ಚಮಚ ಎಣ್ಣೆ. ಆಮೇಲೆ ಅದರ ಮೇಲೆ ಮತ್ತೊಂದು. ಅಷ್ಟು ಎಣ್ಣೆ ಹಾಕುವುದಾದರೆ ಬಾಣಲೆಯಲ್ಲೇ ಕರಿದುಬಿಡಿ ಸ್ವಾಮಿ, ರುಚಿಯಾದರೂ ಸಿಗುತ್ತದೆ.

ನೋಡಿ, ಗರಿಗರಿ ಬರುವುದು ನೀರು ಹೋದಾಗ. ಎಣ್ಣೆ ಅದಕ್ಕೆ ಬರೀ ಸಹಾಯಕ. ಇದೊಂದು ತಲೆಯಲ್ಲಿ ಕೂತರೆ ಓವನ್ ಫ್ರೈಸ್‌ನ ಅರ್ಧ ತಕರಾರು ಮುಗಿಯಿತು.

ಆಲೂಗಡ್ಡೆಯ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ ಇರುತ್ತದೆ. 180 ಡಿಗ್ರಿಯ ಎಣ್ಣೆಗೆ ಬಿದ್ದ ಕೂಡಲೇ ಹೊರಗಿನ ನೀರು ಆವಿಯಾಗಿ ಹೋಗುತ್ತದೆ. ಬಾಣಲೆಯಲ್ಲಿ ಏಳುವ ಗುಳ್ಳೆಗಳು ಅದೇ. ಬಿಸಿ ಗಾಳಿಗೆ ಆ ವೇಗ ಇಲ್ಲ. 220 ಡಿಗ್ರಿ ಓವನ್ ಒಳಗೆ ಕ್ಷಣಹೊತ್ತು ಕೈ ಚಾಚಿದರೆ ಏನೂ ಆಗುವುದಿಲ್ಲ, ಅದಕ್ಕಿಂತ ಕಡಿಮೆ ಬಿಸಿಯ ಎಣ್ಣೆಗೆ ಬೆರಳ ತುದಿ ತಾಗಿದರೂ ಸುಡುತ್ತದೆ, ಅಲ್ವಾ? ಬಿಸಿ ತಲುಪಿಸುವುದರಲ್ಲಿ ಗಾಳಿ ಅಷ್ಟು ನಿಧಾನ. ಹಾಗಾಗಿ ನೀರು ತೆಗೆಯುವ ಕೆಲಸವನ್ನು ಒಂದಿಷ್ಟು ನಾವೇ ಮೊದಲು ಮುಗಿಸಿಕೊಡಬೇಕು.

ಮೊದಲು ಆಲೂಗಡ್ಡೆಯ ಆಯ್ಕೆ. ಬೇಯಿಸಿದರೆ ಹಿಟ್ಟುಹಿಟ್ಟಾಗಿ ಬಿರಿಯುವ ಜಾತಿ ಬೇಕು. ಅದರಲ್ಲಿ ಪಿಷ್ಟ ಜಾಸ್ತಿ, ನೀರು ಸ್ವಲ್ಪ ಕಡಿಮೆ. ಸಿಪ್ಪೆ ತೆಳ್ಳಗಿರುವ ಎಳೆ ಆಲೂಗಡ್ಡೆ ಈ ಕೆಲಸಕ್ಕೆ ಬೇಡ. ಫ್ರಿಜ್‌ನಲ್ಲಿ ಬಹಳ ದಿನ ಇಟ್ಟದ್ದೂ ಬೇಡ. ತಣ್ಣಗಿನ ಜಾಗದಲ್ಲಿ ಅದರ ಪಿಷ್ಟ ನಿಧಾನವಾಗಿ ಸಕ್ಕರೆಯಾಗುತ್ತದೆ. ಆಮೇಲೆ ಓವನ್‌ಗೆ ಹಾಕಿದರೆ ಒಳಗೆ ಬೇಯುವ ಮುಂಚೆಯೇ ಹೊರಗೆ ಕಪ್ಪಾಗುತ್ತದೆ.

ಬೆರಳ ದಪ್ಪಕ್ಕೆ, ಅಂದರೆ ಸುಮಾರು ಒಂದು ಸೆಂಟಿಮೀಟರ್‌ಗೆ, ಎಲ್ಲವನ್ನೂ ಒಂದೇ ಅಳತೆಯಲ್ಲಿ ಹೆಚ್ಚಿಕೊಳ್ಳಿ. ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ. ನೀರು ಬೆಳ್ಳಗಾಗುತ್ತದೆ, ಅದು ಮೇಲ್ಮೈಯ ಸಡಿಲ ಪಿಷ್ಟ. ಅದರ ಜೊತೆ ಸ್ವಲ್ಪ ಸಕ್ಕರೆಯೂ ಹೋಗುತ್ತದೆ. ನೀರು ತೆಗೆಯಬೇಕು ಅಂದವರು ನೀರಲ್ಲಿ ನೆನೆಸಿ ಅನ್ನುತ್ತೀರಲ್ಲ ಅಂತ ಕೇಳಬಹುದು. ಒಳಗಿನ ನೀರು ಬೇರೆ, ಮೈಮೇಲಿನ ನೀರು ಬೇರೆ. ಮೈಮೇಲಿನದನ್ನು ಬಟ್ಟೆಯಲ್ಲಿ ಒರೆಸಬಹುದು.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಹಂತ. ಕುದಿಯುವ ನೀರಿಗೆ ಉಪ್ಪು, ಒಂದು ಟೇಬಲ್ ಚಮಚ ವಿನೆಗರ್ ಹಾಕಿ, ಹೋಳುಗಳನ್ನು ಐದಾರು ನಿಮಿಷ ಅರೆಬೇಯಿಸಿ. ವಿನೆಗರ್ ಯಾಕೆ? ತರಕಾರಿಯ ಜೀವಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿ ಇದ್ದಾಗ ಬೇಗ ಕರಗುವುದಿಲ್ಲ. ಹೋಳು ಮುರಿಯದೆ ಬೇಯುತ್ತದೆ. ಕೆಲವರು ವಿನೆಗರ್ ಬದಲು ಚಿಟಿಕೆ ಅಡುಗೆ ಸೋಡ ಹಾಕುತ್ತಾರೆ. ಅದು ಪೂರ್ತಿ ಉಲ್ಟಾ ಕೆಲಸ ಮಾಡುತ್ತದೆ, ಪೆಕ್ಟಿನ್ ಬೇಗ ಒಡೆದು ಅಂಚೆಲ್ಲ ತರಿತರಿಯಾಗುತ್ತದೆ. ಆ ತರಿ ಓವನ್‌ನಲ್ಲಿ ಚೆನ್ನಾಗಿ ಗರಿಗರಿ ಆಗುತ್ತದೆ, ನಿಜ. ಆದರೆ ದಪ್ಪ ಹೋಳಿಗೆ ಮಾತ್ರ ಅದು ಸರಿ. ಸಣ್ಣಗೆ ಹೆಚ್ಚಿದ್ದಕ್ಕೆ ಸೋಡ ಹಾಕಿದರೆ ಪಾತ್ರೆಯಲ್ಲಿ ಗಂಜಿ ಸಿಗುತ್ತದೆ. ನನ್ನ ಮತ ವಿನೆಗರ್‌ಗೆ.

ಬಸಿದ ಮೇಲೆ ಅವಸರ ಬೇಡ. ಬಿಸಿ ಇರುವಾಗಲೇ ಅಗಲವಾಗಿ ಹರಡಿ ಸುಮ್ನೆ ಬಿಡಿ. ಹತ್ತು ನಿಮಿಷದಲ್ಲಿ ಆವಿ ತಾನಾಗಿ ಹೋಗಿ ಮೇಲ್ಮೈ ಮಂಕಾಗುತ್ತದೆ, ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಇಲ್ಲಿ ಉಳಿದ ಪ್ರತಿ ಹನಿಗೂ ಓವನ್ ಹೊತ್ತು ಕಳೆಯುತ್ತದೆ, ಅಷ್ಟು ಹೊತ್ತು ಫ್ರೈಸ್ ಹುರಿಯುವ ಬದಲು ಹಬೆಯಲ್ಲಿ ಬೇಯುತ್ತಿರುತ್ತದೆ.

ಈಗ ಎಣ್ಣೆ. ಅರ್ಧ ಕೆಜಿಗೆ ಒಂದೇ ಟೇಬಲ್ ಚಮಚ. ಜೊತೆಗೆ ಎರಡು ಟೀ ಚಮಚ ಕಾರ್ನ್‌ಫ್ಲೋರ್. ಮೊದಲು ಹಿಟ್ಟು ಉದುರಿಸಿ, ಆಮೇಲೆ ಎಣ್ಣೆ ಹಾಕಿ ಕೈಯಿಂದಲೇ ಸವರಿ. ಚಮಚದಲ್ಲಿ ಕಲಸಿದರೆ ಅರ್ಧಕ್ಕೆ ತಾಗುತ್ತದೆ, ಅರ್ಧಕ್ಕೆ ಇಲ್ಲ, ಆಗ ಸಾಲದು ಅನ್ನಿಸಿ ಮತ್ತೆ ಸುರಿಯುತ್ತೇವೆ. ಖಾಲಿ ಟ್ರೇಯನ್ನು ಓವನ್ ಬಿಸಿಯಾಗುವಾಗಲೇ ಒಳಗಿಟ್ಟಿರಿ. ಕಾದ ಟ್ರೇ ಮೇಲೆ ಒಂದಕ್ಕೊಂದು ತಾಗದ ಹಾಗೆ ಒಂದೇ ಪದರ ಹರಡಿ. ಜಾಗ ಸಾಲದಿದ್ದರೆ ಎರಡು ಸಲ ಮಾಡಿ. ಒತ್ತೊತ್ತಾಗಿ ತುಂಬಿಸುವ ಬುದ್ಧಿಯೇ ಮೆತ್ತಗಿನ ಫ್ರೈಸ್‌ಗೆ ಮುಖ್ಯ ಕಾರಣ. 220 ಡಿಗ್ರಿಯಲ್ಲಿ 25ರಿಂದ 35 ನಿಮಿಷ, ಮಧ್ಯೆ ಒಂದು ಸಲ ತಿರುವಿಹಾಕಬೇಕು. ಫ್ಯಾನ್ ಇರುವ ಓವನ್ ಆದರೆ 200 ಸಾಕು. ಏರ್ ಫ್ರೈಯರ್ ಇದ್ದವರು ನಗಬೇಡಿ, ನಿಮ್ಮದೂ ಜೋರು ಫ್ಯಾನ್ ಇರುವ ಪುಟ್ಟ ಓವನ್ನೇ.

ಬಣ್ಣ ಹೊಂಬಣ್ಣಕ್ಕೆ ಬಂದಾಗ ತೆಗೆದುಬಿಡಿ. ಕಂದು ಆಗುವವರೆಗೆ ಕಾಯಬೇಡಿ. ಇದು ಬರೀ ರುಚಿಯ ಮಾತಲ್ಲ. ಪಿಷ್ಟದ ಆಹಾರವನ್ನು 120 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಹುರಿದಾಗ ಅಕ್ರಿಲಮೈಡ್ ಎನ್ನುವ, ಕ್ಯಾನ್ಸರ್ ತರಬಹುದೆಂಬ ಅನುಮಾನ ಇರುವ ರಾಸಾಯನಿಕ ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್‌ನ ವಿಜ್ಞಾನಿಗಳು ಹೇಳಿದರು. ಬಣ್ಣ ಗಾಢವಾದಷ್ಟೂ ಅದು ಹೆಚ್ಚು. ಎಣ್ಣೆ ಇಲ್ಲ ಅಂದ ಮಾತ್ರಕ್ಕೆ ಓವನ್‌ಗೆ ಇದರಿಂದ ವಿನಾಯಿತಿ ಇಲ್ಲ. ಹಾಗಂತ ಹೆದರಿ ಕೂರುವುದೂ ಬೇಡ. ನೆನೆಸಿ, ಹೊಂಬಣ್ಣಕ್ಕೆ ನಿಲ್ಲಿಸಿದರೆ ಮನೆಯಲ್ಲಿ ಮಾಡಬಹುದಾದದ್ದನ್ನು ಮಾಡಿದ ಹಾಗೆ. ಉಪ್ಪು ಕೊನೆಗೆ, ಬಿಸಿ ಇರುವಾಗಲೇ.

ಇಷ್ಟೆಲ್ಲ ಶ್ರದ್ಧೆಯಿಂದ ಮಾಡಿ ಪಕ್ಕದಲ್ಲಿ ಏನಿಡುತ್ತಾರೆ? ಒಂದು ಬಟ್ಟಲು ಮೇಯನೇಸ್!

ಲೆಕ್ಕ ಹಾಕಿ. ಅರ್ಧ ಕೆಜಿ ಹಸಿ ಆಲೂಗಡ್ಡೆಯಲ್ಲಿ ಸುಮಾರು 385 ಕ್ಯಾಲೊರಿ. ಒಂದು ಟೇಬಲ್ ಚಮಚ ಎಣ್ಣೆಗೆ 120. ಎರಡೂ ಸೇರಿ 500ರ ಆಸುಪಾಸು, ಅದೂ ಎರಡು ಮೂರು ಜನಕ್ಕೆ. ಸಾಮಾನ್ಯ ಮೇಯನೇಸ್‌ನಲ್ಲಿ ಮುಕ್ಕಾಲು ಪಾಲು ಎಣ್ಣೆಯೇ, ಒಂದು ಟೇಬಲ್ ಚಮಚಕ್ಕೆ ಸುಮಾರು 90 ಕ್ಯಾಲೊರಿ. ನಾಲ್ಕು ಚಮಚ ಹಾಕಿಕೊಂಡರೆ ಆ ಅರ್ಧ ಕೆಜಿ ಆಲೂಗಡ್ಡೆಯಷ್ಟೇ ಆಯಿತು. ಬಾಣಲೆಯಲ್ಲಿ ಉಳಿಸಿದ ಎಣ್ಣೆ ಬಟ್ಟಲಿನ ದಾರಿಯಲ್ಲಿ ಹೊಟ್ಟೆಗೆ ಹೋಯಿತು.

ಮೇಯನೇಸ್ ಕೆಟ್ಟದ್ದು ಅನ್ನುತ್ತಿಲ್ಲ. ಹಗುರವಾಗಿರಲಿ ಅಂತ ಓವನ್ ಹಿಡಿದವರು ಡಿಪ್ ಅನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅಷ್ಟೇ.

ನನಗೆ ಹಿಡಿಸಿರುವುದು ಗಟ್ಟಿ ಮೊಸರಿನ ಡಿಪ್. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ಗಂಟೆ ನೀರು ಇಳಿಸಿ. ಬೆಣ್ಣೆಯ ಹಾಗೆ ಹರಡುವಷ್ಟು ಗಟ್ಟಿಯಾಗಬೇಕು. ಅದಕ್ಕೆ ಒಂದೇ ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ. ಹಸಿ ಬೆಳ್ಳುಳ್ಳಿ ಇಟ್ಟಷ್ಟೂ ಜೋರಾಗುತ್ತದೆ, ಎರಡು ಹಾಕಿದರೆ ಬೇರೆ ಯಾವ ರುಚಿಯೂ ಉಳಿಯುವುದಿಲ್ಲ. ನಿಂಬೆರಸ, ಉಪ್ಪು, ಕುಟ್ಟಿದ ಕರಿಮೆಣಸು, ಸಣ್ಣಗೆ ಹೆಚ್ಚಿದ ಪುದೀನ. ಬೇಕಿದ್ದರೆ ಅರ್ಧ ಚಮಚ ಸಾಸಿವೆ ಪೇಸ್ಟ್. ನಾಲ್ಕು ಟೇಬಲ್ ಚಮಚಕ್ಕೆ 70 ಕ್ಯಾಲೊರಿ ಇರಬಹುದು, ಹಾಲಿನ ಕೊಬ್ಬಿನ ಮೇಲೆ ಹೆಚ್ಚುಕಡಿಮೆ. ಫ್ರೈಸ್‌ನಲ್ಲಿ ಎಣ್ಣೆ ಕಡಿಮೆ ಇರುವಾಗ ನಾಲಿಗೆಗೆ ಜಿಡ್ಡಿನ ಬದಲು ಏನಾದರೂ ಬೇಕಲ್ಲ, ಆ ಕೊರತೆಯನ್ನು ಮೊಸರಿನ ನುಣುಪು, ನಿಂಬೆಯ ಹುಳಿ ಎರಡೂ ಸೇರಿ ತುಂಬುತ್ತವೆ. ಮೇಯನೇಸ್ ಬಿಡಲಾಗದವರು ಮೂರು ಪಾಲು ಮೊಸರಿಗೆ ಒಂದು ಪಾಲು ಮೇಯನೇಸ್ ಬೆರೆಸಿಕೊಳ್ಳಿ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಇದನ್ನು ಮಕ್ಕಳ ಮುಂದಿಟ್ಟು "ಕರಿದದ್ದರ ಹಾಗೇ ಇದೆ ನೋಡು" ಅನ್ನಬೇಡಿ. ಕರಿದದ್ದರ ಹಾಗೆ ಇರುವುದಿಲ್ಲ, ಮಕ್ಕಳಿಗೆ ಅದು ಮೊದಲ ತುತ್ತಿಗೇ ತಿಳಿಯುತ್ತದೆ. ಇದರ ರುಚಿ ಸುಟ್ಟ ಆಲೂಗಡ್ಡೆಯ ಕಡೆಗೆ ಹೆಚ್ಚು ವಾಲುತ್ತದೆ, ಅದೇನೂ ಕಡಿಮೆ ರುಚಿಯಲ್ಲ.

ಡಿಪ್ ಅನ್ನು ಮುಂಚೆಯೇ ಮಾಡಿಟ್ಟುಕೊಳ್ಳಿ. ಓವನ್‌ನಿಂದ ತೆಗೆದ ಫ್ರೈಸ್ ಹತ್ತು ನಿಮಿಷವೂ ಕಾಯುವುದಿಲ್ಲ, ಒಳಗಿನ ಹಬೆ ಹೊರಗೆ ಬಂದು ಸಿಪ್ಪೆಯಂತಿದ್ದ ಗರಿಯನ್ನೆಲ್ಲ ಮೆತ್ತಗೆ ಮಾಡುತ್ತದೆ. ಹಾಗೇನಾದರೂ ಉಳಿದರೆ ಮೈಕ್ರೋವೇವ್‌ಗೆ ಇಡಬೇಡಿ. ಬಿಸಿ ಓವನ್‌ನಲ್ಲೇ ಐದಾರು ನಿಮಿಷ ಇಡಿ, ಮತ್ತೆ ಎಣ್ಣೆ ಹಾಕುವ ಅಗತ್ಯವಿಲ್ಲ.