ಅಡ್ಡಿಲ್ಲೆ ಅಂದ್ರೆ ಬೈಗುಳ ಅಲ್ಲ

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ಗ್ರಾಫ್ ಹಾಕಿದರು. ಯಾವ ನಾಯಕರ ಬಗ್ಗೆ ಸೋಶಿಯಲ್ ಮೀಡಿಯಾದಲ್ಲಿ ಎಷ್ಟು ಒಲವಿದೆ ಅಂತ ಹಸಿರು, ಕೆಂಪು ಗೆರೆ. ಕೆಳಗೆ ಇಬ್ಬರು ಭಾವಂದಿರು ರಾತ್ರಿ ಹನ್ನೊಂದರವರೆಗೆ ಜಗಳ ಆಡಿದರು. ಒಬ್ಬರು ಗ್ರೂಪ್ ಬಿಟ್ಟೇ ಹೋದರು. ಅದನ್ನು ನೋಡಿದ ಮೇಲೆ ಇಷ್ಟು ದಿನ ಮನಸ್ಸಲ್ಲೇ ಇಟ್ಟುಕೊಂಡಿದ್ದನ್ನು ಬರೆಯಲೇಬೇಕು ಅನ್ನಿಸಿತು. ಯಾಕಂದ್ರೆ ಇಂಥ ಗ್ರಾಫ್ ಹೇಗೆ ತಯಾರಾಗುತ್ತದೆ ಅಂತ ನನಗೆ ಗೊತ್ತು. ಅದರಲ್ಲಿ ನನ್ನ ಕೈಯೂ ಇತ್ತು.

2023ರ ವಿಧಾನಸಭೆ ಚುನಾವಣೆಗೆ ಮೊದಲು ಎರಡೂವರೆ ತಿಂಗಳು ಉತ್ತರ ಕನ್ನಡದ ಶಿರಸಿಯ ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡಿದೆ. ಹೆಸರು ಬೇಡ. ನಾಯಕರ ಬಗ್ಗೆ ಜನ ಫೇಸ್‌ಬುಕ್, ಯೂಟ್ಯೂಬ್, ಟ್ವಿಟರ್‌ನಲ್ಲಿ ಬರೆದ ಕಾಮೆಂಟುಗಳು ಒಂದೊಂದಾಗಿ ನನ್ನ ಲ್ಯಾಪ್‌ಟಾಪಿಗೆ ಬರುತ್ತಿದ್ದವು. ಕೆಳಗೆ ನಾಲ್ಕು ಬಟನ್. ಪಾಸಿಟಿವ್, ನೆಗೆಟಿವ್, ನ್ಯೂಟ್ರಲ್, ಕನ್ನಡ ಅಲ್ಲ. ಓದು, ಒತ್ತು, ಮುಂದೆ ಹೋಗು. ಒಂದು ಕಾಮೆಂಟಿಗೆ ಸಿಗುತ್ತಿದ್ದುದು ಒಂದು ರೂಪಾಯಿಗಿಂತ ಕಡಿಮೆ. ಹಾಗಾಗಿ ಯಾವುದರ ಮೇಲೂ ಜಾಸ್ತಿ ಹೊತ್ತು ನಿಲ್ಲುವ ಹಾಗಿರಲಿಲ್ಲ.

ನಮ್ಮಂಥವರು ಹಾಕಿದ ಗುರುತು ನೋಡಿ ಕಂಪ್ಯೂಟರ್ ಕಲಿಯುತ್ತದೆ. ಆಮೇಲೆ ಲಕ್ಷಗಟ್ಟಲೆ ಕಾಮೆಂಟಿಗೆ ಅದೇ ಗುರುತು ಹಾಕುತ್ತದೆ. ಲೆಕ್ಕ ತುಂಬ ಸರಳ. ನೂರು ಕಾಮೆಂಟಿನಲ್ಲಿ ನಲವತ್ತು ಹೊಗಳಿಕೆ, ಮೂವತ್ತು ತೆಗಳಿಕೆ ಇದ್ದರೆ ಆ ನಾಯಕರಿಗೆ ಪ್ಲಸ್ ಹತ್ತು. ಉಳಿದ ಮೂವತ್ತು? ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಸಂಕಟ ಇರುವುದೇ ಅಲ್ಲಿ.

ಮೊದಲ ವಾರವೇ ಒಂದು ಕಾಮೆಂಟ್ ಬಂತು. ನಮ್ಮ ಕಡೆಯ ನಾಯಕರೊಬ್ಬರ ಭಾಷಣದ ವಿಡಿಯೋ. ಕೆಳಗೆ ಯಾರೋ ಬರೆದಿದ್ದರು, "ಅಡ್ಡಿಲ್ಲೆ". ಅಷ್ಟೇ. ನಾನು ಯೋಚನೆಯೇ ಮಾಡದೆ ಪಾಸಿಟಿವ್ ಒತ್ತಿದೆ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಅಡ್ಡಿಯಿಲ್ಲ, ಅಂದ್ರೆ ಚೆನ್ನಾಗಿದೆ ಅಂತ. ನಮ್ಮ ಹವ್ಯಕರ ಮನೆಗಳಲ್ಲಿ ಅಪ್ಪೆಹುಳಿ ಎಷ್ಟೇ ರುಚಿಯಾಗಿರಲಿ, ಎರಡು ಲೋಟ ಕುಡಿದು "ಅಡ್ಡಿಲ್ಲೆ" ಅಂತಾರೆ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಅಡುಗೆ ಮಾಡಿದವರಿಗೆ ಸಿಗುವುದು ಕಷ್ಟ. ನಮ್ಮವರಿಗೆ "ಸೂಪರ್", "ಬೆಂಕಿ" ಅಂತೆಲ್ಲ ಬಾಯಿಗೆ ಬರುವುದಿಲ್ಲ.

ಆದರೆ ಒಂದೊಂದು ಕಾಮೆಂಟನ್ನೂ ಮೂರು ಜನಕ್ಕೆ ಕಳಿಸುತ್ತಿದ್ದರು. ಇಬ್ಬರು ಏನು ಹಾಕಿದರೋ ಅದೇ ಖಾಯಂ. ಉಳಿದ ಇಬ್ಬರೂ ನೆಗೆಟಿವ್ ಹಾಕಿದ್ದರು. "ಇಲ್ಲೆ" ಅಂತ ಇದೆಯಲ್ಲ, ಇಲ್ಲ ಅಂತಲೇ ಅಂದುಕೊಂಡಿರಬೇಕು. ಅವರದ್ದು ತಪ್ಪಲ್ಲ, ಅವರು ಬೇರೆ ಸೀಮೆಯವರು. ನನ್ನ ಲೆಕ್ಕದಲ್ಲಿ ಒಂದು ತಪ್ಪು ಬಿತ್ತು. ಸೂಪರ್‌ವೈಸರ್‌ಗೆ ಬರೆದು ಕೇಳಿದೆ. "ಮೇಡಂ, ಮೆಜಾರಿಟಿ ಏನು ಹೇಳುತ್ತೋ ಅದೇ ಸರಿ" ಅಂತ ಉತ್ತರ ಬಂತು.

ಅವತ್ತು ಸಂಜೆ ಆಯಿಗೆ, ಅಂದ್ರೆ ಅಮ್ಮನಿಗೆ, ಹೇಳಿದೆ. ಆಯಿ ಹಲಸಿನಕಾಯಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ, "ಅಡ್ಡಿಲ್ಲೆ ಹೇಳಿರೆ ಬೈದಾಂಗೆ ಆತನೇ?" ಅಂತ ಕೇಳಿದಳು. ಅವಳಿಗೆ ನಿಜವಾಗಿಯೂ ಬೇಜಾರಾಗಿತ್ತು. ನನಗೂ.

ಇದು ಬರೀ ಹವ್ಯಕರ ಮಾತಿನ ಕಥೆ ಅಲ್ಲ. ಕಾರವಾರ, ಅಂಕೋಲೆ, ಕುಮಟೆ ಕಡೆಯವರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. "ಬರೇಂ ಜಾಲೇಂ" ಅಂತ ಒಂದು ಕಾಮೆಂಟ್. ಒಳ್ಳೇದಾಯ್ತು ಅಂತ ಅರ್ಥ. ಕನ್ನಡ ಮಾತ್ರ ಗೊತ್ತಿದ್ದವರಿಗೆ ಅದು "ಬರೀ ಜಾಲ" ಅನ್ನುವ ಹಾಗೆ ಕಾಣುತ್ತದೆ. ಭಟ್ಕಳದ ನವಾಯತಿ, ಜೋಯಿಡಾ ಕಡೆಯ ಕುಣಬಿಗಳ ಮಾತು, ಹಳಿಯಾಳದ ಮರಾಠಿ ಎಲ್ಲ ಬರುತ್ತಿತ್ತು. ಎಲ್ಲ ಹೋಗಿದ್ದು "ಕನ್ನಡ ಅಲ್ಲ" ಅನ್ನುವ ಡಬ್ಬಿಗೆ. ಆ ಡಬ್ಬಿಯನ್ನು ಯಾರೂ ತೆರೆದು ನೋಡುವುದಿಲ್ಲ. ಒಂದೇ ಜಿಲ್ಲೆಯಲ್ಲಿ ಇಷ್ಟೊಂದು ಮಾತು ಇರುವುದು ನಮಗೆ ಹೆಮ್ಮೆ. ಲೆಕ್ಕ ಹಾಕುವಾಗ ಅದೇ ಕಾರಣಕ್ಕೆ ನಾವು ಹೊರಗೆ.

ಗ್ರಾಫ್ ಒಳಗೆ ಉಳಿದವರು ಯಾರು ಹಾಗಾದ್ರೆ? ಜಾಸ್ತಿ ಗಲಾಟೆ ಮಾಡುವವರು. ಒಂದು ರಾತ್ರಿ ಒಂದೇ ಸಾಲು ಮೂವತ್ತಕ್ಕೂ ಹೆಚ್ಚು ಬೇರೆ ಬೇರೆ ಹೆಸರಿನಿಂದ ಬಂತು. "ಅಭಿವೃದ್ಧಿ" ಅನ್ನುವ ಶಬ್ದದಲ್ಲಿ ದ-ಗೆ ಧ ಒತ್ತು ಬಿಟ್ಟುಹೋಗಿತ್ತು. ಮೂವತ್ತರಲ್ಲೂ ಅದೇ ಒತ್ತು ಬಿಟ್ಟಿತ್ತು. ಮೂವತ್ತು ಜನ ಒಟ್ಟಿಗೆ ಅದೇ ಜಾಗದಲ್ಲಿ ಎಡವುತ್ತಾರಾ? ಯಾರೋ ಒಬ್ಬರು ಬರೆದು ಹಂಚಿದ್ದು ಅದು. ಮೂವತ್ತಕ್ಕೂ ಪಾಸಿಟಿವ್ ಬಿತ್ತು. ಸಿದ್ದಾಪುರದ ಯಾವುದೋ ಕೇರಿಯ ಅಜ್ಜ ಬರೆದ ಒಂದು "ಅಡ್ಡಿಲ್ಲೆ"ಗೆ ನೆಗೆಟಿವ್.

ಗದ್ದಲವನ್ನು ಒಲವು ಅಂತ ತಿಳಿದುಕೊಳ್ಳುವ ತಪ್ಪು ಹೊಸದಲ್ಲ. 2009ರ ಜರ್ಮನಿಯ ಚುನಾವಣೆಯ ಟ್ವೀಟುಗಳನ್ನು ಎಣಿಸಿ, ಯಾವ ಪಕ್ಷದ ಹೆಸರು ಎಷ್ಟು ಸಲ ಬಂತೋ ಅದು ಮತದ ಪ್ರಮಾಣಕ್ಕೆ ಹತ್ತಿರ ಇತ್ತು ಅಂತ ಕೆಲವು ಸಂಶೋಧಕರು 2010ರಲ್ಲಿ ಬರೆದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ಸಂಶೋಧಕರು ಅದೇ ಲೆಕ್ಕವನ್ನು ಕೆದಕಿದರು. ಪೈರೇಟ್ ಪಾರ್ಟಿ ಅಂತ ಒಂದು ಸಣ್ಣ ಪಕ್ಷವನ್ನು ಎಣಿಕೆಗೆ ಸೇರಿಸಿಕೊಂಡಿರಲಿಲ್ಲ. ಸೇರಿಸಿದ್ದರೆ ಎಲ್ಲರಿಗಿಂತ ಮುಂದೆ ಅದೇ ಇರುತ್ತಿತ್ತು. ನಿಜವಾದ ಚುನಾವಣೆಯಲ್ಲಿ ಅದಕ್ಕೆ ಬಿದ್ದಿದ್ದು ಶೇಕಡ 2ರಷ್ಟು ಮತ.

ಅಷ್ಟು ದೂರ ಯಾಕೆ ಹೋಗಬೇಕು. 2019ರ ಲೋಕಸಭೆ ಚುನಾವಣೆಯಲ್ಲಿ "ನಿಖಿಲ್ ಎಲ್ಲಿದ್ದೀಯಪ್ಪಾ" ಅನ್ನುವ ಮಾತು ಕೇಳದ ಮೊಬೈಲ್ ಕರ್ನಾಟಕದಲ್ಲಿ ಇತ್ತಾ? ಬರೀ ಹೆಸರು ಎಣಿಸಿದ್ದರೆ ಮಂಡ್ಯದಲ್ಲಿ ಜೆಡಿಎಸ್ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿಯವರ ಎದುರು ಯಾರೂ ನಿಲ್ಲುತ್ತಿರಲಿಲ್ಲ. ಗೆದ್ದಿದ್ದು ಪಕ್ಷೇತರರಾಗಿ ನಿಂತ ಸುಮಲತಾ, ಒಂದು ಲಕ್ಷದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ.

ನಮ್ಮ ಜಿಲ್ಲೆಯದ್ದೇ ನೋಡಿ. 2023ರ ಮೇ ತಿಂಗಳಲ್ಲಿ ಕುಮಟಾದಲ್ಲಿ ಗೆಲುವು ಸೋಲಿನ ನಡುವೆ ಇದ್ದಿದ್ದು 676 ಮತ. ಅದೇ ಚುನಾವಣೆಯಲ್ಲಿ ಶಿರಸಿಯಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಭೀಮಣ್ಣ ನಾಯ್ಕರ ಎದುರು ಎಂಟು ಸಾವಿರ ಚಿಲ್ಲರೆ ಮತದಿಂದ ಸೋತರು. ಒಂದೇ ವರ್ಷ. 2024ರಲ್ಲಿ ಅದೇ ಕಾಗೇರಿಯವರು ಉತ್ತರ ಕನ್ನಡ ಲೋಕಸಭೆಗೆ ನಿಂತು ಮೂರು ಲಕ್ಷದ ಮೂವತ್ತೇಳು ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು. ಹೌದು, ಲೋಕಸಭೆಗೆ ಖಾನಾಪುರ, ಕಿತ್ತೂರು ಸೇರಿ ಎಂಟು ಕ್ಷೇತ್ರ, ವಿಷಯವೂ ಬೇರೆ. ನಾನು ಯಾವ ಪಕ್ಷದ ಪರವಾಗಿಯೂ ಇದನ್ನು ಹೇಳುತ್ತಿಲ್ಲ. ನಮ್ಮ ಜನ ಒಬ್ಬರನ್ನೇ ಒಂದು ಕೆಲಸಕ್ಕೆ ಬೇಡ, ಇನ್ನೊಂದಕ್ಕೆ ಇರಲಿ ಅನ್ನುತ್ತಾರೆ. ಅಷ್ಟು ವಿಚಾರ ಮಾಡಿ ಮತ ಹಾಕುವವರ ಮನಸ್ಸನ್ನು ಪ್ಲಸ್ ಹತ್ತು, ಮೈನಸ್ ಆರು ಅಂತ ಬರೆದುಬಿಟ್ಟರೆ ಅದು ಅನ್ಯಾಯ ಅಲ್ವಾ?

ಮತ್ತೆ, ನಮ್ಮ ಕಡೆ ಚುನಾವಣೆ ಮಾತು ನಡೆಯುವುದು ಎಲ್ಲಿ? 2024ರಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾದ ತಿಂಗಳೇ ಶಿರಸಿ ಮಾರಿಕಾಂಬೆ ಜಾತ್ರೆ. ಬಿಡಕಿಬೈಲಿನ ಆ ಜನಜಂಗುಳಿಯಲ್ಲಿ, ಸೊಸೈಟಿಗೆ ಅಡಿಕೆ ತಂದು ಕೂತವರ ನಡುವೆ, ಬಸ್ ಸ್ಟ್ಯಾಂಡಿನಲ್ಲಿ, ಮೀನು ಪೇಟೆಯಲ್ಲಿ ನಡೆದ ಮಾತು ಯಾವ ಕಂಪ್ಯೂಟರಿಗೂ ಸಿಕ್ಕಿಲ್ಲ. ಫೋನಿನಲ್ಲಿ ನಡೆಯುವುದೂ ಹೆಚ್ಚಿನದು ವಾಟ್ಸಾಪ್ ಒಳಗೆ. ಅಲ್ಲಿಯ ಮೆಸೇಜು ಹೊರಗಿನ ಕಂಪನಿಗೆ ಕಾಣುವುದಿಲ್ಲ. ಇನ್ನು ಘಟ್ಟದ ಎಷ್ಟೋ ಮನೆಗಳಿಗೆ ಸಿಗ್ನಲ್ಲೇ ಸರಿಯಾಗಿ ಬರುವುದಿಲ್ಲ. ಗುಡ್ಡ ಹತ್ತಿ ಫೋನ್ ಮಾಡುವವರು ನಾಯಕರ ಪೇಜಿಗೆ ಹೋಗಿ ಕಾಮೆಂಟ್ ಹಾಕುತ್ತಾ ಕೂರುತ್ತಾರಾ?

ಗ್ರಾಫ್ ಸರಿ ಇದೆಯಾ ಅಂತ ಬೇರೆಯವರು ನೋಡುವ ದಾರಿಯೂ ಕಿರಿದಾಗಿದೆ. 2023ರಲ್ಲಿ ಟ್ವಿಟರ್ ತನ್ನ ಮಾಹಿತಿಯನ್ನು ಪುಕ್ಕಟೆ ಕೊಡುವುದನ್ನು ನಿಲ್ಲಿಸಿತು. 2024ರ ಆಗಸ್ಟ್‌ನಲ್ಲಿ ಫೇಸ್‌ಬುಕ್‌ನವರು ಕ್ರೌಡ್‌ಟ್ಯಾಂಗಲ್ ಅನ್ನುವ, ಯಾವ ಪೋಸ್ಟ್ ಎಷ್ಟು ಹರಡಿತು ಅಂತ ನೋಡುವ ಸಾಧನವನ್ನು ಮುಚ್ಚಿದರು. ಪತ್ರಕರ್ತರು, ಸಂಶೋಧಕರು ಅದನ್ನೇ ನಂಬಿಕೊಂಡಿದ್ದರು. ಇನ್ನೊಂದು ಕಡೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಾವೇ ಎಲ್ಲರಿಗೂ ಕಾಣುವ ಹಾಗೆ ಹಾಕಿದ ಮಾಹಿತಿಗೆ ಅನ್ವಯಿಸುವುದಿಲ್ಲ. ಅಂದರೆ ನಮ್ಮ ಕಾಮೆಂಟನ್ನು ಒಯ್ದು ಎಣಿಸುವವರು ನಮ್ಮನ್ನು ಕೇಳಬೇಕಾಗಿಲ್ಲ. ಇದು ಎಲ್ಲರಿಗೂ ಗೊತ್ತಿರಲಿ.

ಈಗ ಮೊದಲ ಲೆಕ್ಕದ ನೂರರಲ್ಲಿ ಉಳಿದ ಆ ಮೂವತ್ತು.

ನಮಗೆ ಕೊಟ್ಟ ಸೂಚನೆಯಲ್ಲಿ ಒಂದು ಸಾಲು ಇತ್ತು. ಬೇಡಿಕೆ, ಪ್ರಶ್ನೆ ಬಂದರೆ ನ್ಯೂಟ್ರಲ್ ಹಾಕಿ. ಸರಿಯೇ ಅನ್ನಿಸಿತ್ತು ಮೊದಲು. ಕೇಳುವುದು ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಆದರೆ ನ್ಯೂಟ್ರಲ್ ಅಂದ್ರೆ ಗ್ರಾಫಿನಲ್ಲಿ ಗೆರೆಯೇ ಇಲ್ಲ.

ನೆನಪಿದೆಯಲ್ಲ, 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಉರುಳಿ ನಾಲ್ಕು ಜನ ಹೋದರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಬರೆದೆವು. "ನೋ ಹಾಸ್ಪಿಟಲ್ ನೋ ವೋಟ್" ಅಂತ ಪಕ್ಷ ನೋಡದೆ ಎಲ್ಲ ನಾಯಕರಿಗೂ ಟ್ಯಾಗ್ ಮಾಡಿದೆವು. ನಾನೂ ಮಾಡಿದ್ದೆ. ಎಂಟು ತಿಂಗಳಾದ ಮೇಲೆ ಅದೇ ಬೇಡಿಕೆ ನನ್ನ ಲ್ಯಾಪ್‌ಟಾಪಿಗೆ ಬರತೊಡಗಿತು. "ಸರ್, ಆಸ್ಪತ್ರೆ ಯಾವಾಗ?" ನ್ಯೂಟ್ರಲ್. "ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಎಷ್ಟು ದಿನ ಓಡಬೇಕು?" ನ್ಯೂಟ್ರಲ್. ನನ್ನ ಬೆರಳಲ್ಲೇ ಒತ್ತಿದೆ. ದಿನಕ್ಕೆ ಎಷ್ಟೋ.

ಒಂದನ್ನು ಮಾತ್ರ ಒತ್ತಲು ಆಗಲಿಲ್ಲ. ಒಬ್ಬ ಹೆಂಗಸು ಬರೆದಿದ್ದು. "ಅಣ್ಣಾ, ನಮ್ಮ ಮನೆ ತನಕ ಗಾಡಿ ಬರುವುದಿಲ್ಲ. ಮಾವನವರನ್ನು ಕಂಬಳಿ ಕಟ್ಟಿ ಹೊತ್ತು ತಂದೆವು. ಮಳೆಗಾಲದೊಳಗೆ ಕಾಲುಸಂಕವಾದರೂ ಆಗ್ತದಾ?" ಎದುರಿಗೆ ನಾಲ್ಕು ಬಟನ್. ಆ ತಾಯಿಗೆ ಆ ನಾಯಕರ ಮೇಲೆ ಸಿಟ್ಟಿಲ್ಲ, ಪ್ರೀತಿಯೂ ಇಲ್ಲ. ಹಳ್ಳ ದಾಟುವ ಕಾಲುಸಂಕ ಬೇಕು. ಲ್ಯಾಪ್‌ಟಾಪ್ ಮುಚ್ಚಿ ಎದ್ದು ತೋಟಕ್ಕೆ ಹೋಗಿಬಿಟ್ಟೆ. ವಾಪಸ್ ಬಂದಾಗ ಟೈಮ್ ಮುಗಿದು ಆ ಕಾಮೆಂಟ್ ಬೇರೆ ಯಾರಿಗೋ ಹೋಗಿತ್ತು. ಅವರು ಏನು ಹಾಕಿದರೋ ಗೊತ್ತಿಲ್ಲ. ಆ ತಿಂಗಳ ಕೊನೆಗೆ ಕೆಲಸ ಬಿಟ್ಟೆ.

ನನ್ನ ಅನುಭವದಲ್ಲಿ ನಮ್ಮ ಜಿಲ್ಲೆಯ ಜನ ನಾಯಕರ ಪೇಜಿಗೆ ಹೋಗುವುದು ಹೆಚ್ಚಾಗಿ ಏನಾದರೂ ಕೇಳುವುದಕ್ಕೆ. ರಸ್ತೆ, ಬಸ್ಸು, ಸಂಕ, ಟವರು, ಡಾಕ್ಟರು. ಇದನ್ನು ಎಣಿಸಲು ಒಂದು ಬಟನ್ ಇಡುವುದು ಕಷ್ಟವೇನಲ್ಲ. ಹಣ ಕೊಟ್ಟು ಈ ಗ್ರಾಫ್ ಮಾಡಿಸುವ ಪಕ್ಷದವರನ್ನು ನಾನು ಕೇಳುವುದು ಇಷ್ಟೇ, ಐದನೇ ಬಟನ್ ಇಡಿಸಿ. ಯಾವ ಊರಿನವರು ಏನು ಕೇಳಿದರು ಅಂತ ಪಟ್ಟಿ ತರಿಸಿಕೊಳ್ಳಿ. ಸುದ್ದಿಯಲ್ಲಿ ಗ್ರಾಫ್ ತೋರಿಸುವವರು ಎಷ್ಟು ಕಾಮೆಂಟ್ ಓದಿದಿರಿ, ಯಾವ ಭಾಷೆಯದ್ದನ್ನು ಬಿಟ್ಟಿರಿ, ನ್ಯೂಟ್ರಲ್ ಅಂತ ಎಷ್ಟನ್ನು ಬದಿಗಿಟ್ಟಿರಿ ಅಂತ ಕೆಳಗೆ ಒಂದು ಸಾಲು ಹಾಕಿ.

ಅಲ್ಲಿಯವರೆಗೆ ಕಾಯುವುದು ಬೇಡ ಅಂತ ನಾನೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ. ಅದರೊಳಗೆ ತುಂಬಿಸಿ, ಎಲ್ಲ ಪಕ್ಷದ ತಾಲೂಕು ಕಚೇರಿಗೂ ಒಂದೊಂದು ಪ್ರತಿ ಕೊಟ್ಟು ಬರುತ್ತೇನೆ. ಕೆಳಗೆ ನಿಮ್ಮ ಊರಿನ ಹೆಸರು, ಬೇಕಾದ್ದು ಏನು ಅಂತ ಒಂದು ಸಾಲು ಬರೆಯಿರಿ. ಕೊಂಕಣಿಯಲ್ಲೇ ಬರೆಯಿರಿ, ನವಾಯತಿಯಲ್ಲೇ ಬರೆಯಿರಿ. ನನಗೆ ತಿಳಿಯದಿದ್ದರೆ ಕೇಳಿ ತಿಳಿದುಕೊಂಡು ಬರೆದುಕೊಳ್ಳುತ್ತೇನೆ. ಮೊದಲ ಸಾಲು ಆಯಿಯದ್ದು, ಆಗಲೇ ಬರೆಸಿದ್ದಾಳೆ. ನಿಂತುಹೋದ ಸಂಜೆ ಐದೂವರೆ ಬಸ್ಸು ಮತ್ತೆ ಬಿಡಬೇಕಂತೆ.