ಲ್ಯಾಂಡ್‌ಸ್ಕೇಪ್ ಓದಲು ಆರ್ಕಿಟೆಕ್ಟೇ ಆಗಿರಬೇಕಾ?

ಲ್ಯಾಂಡ್‌ಸ್ಕೇಪ್‌ನಲ್ಲಿ ಎಂ.ಆರ್ಕ್ (ಆರ್ಕಿಟೆಕ್ಚರ್‌ನ ಎರಡು ವರ್ಷದ ಸ್ನಾತಕೋತ್ತರ ಪದವಿ) ಅಂದ ಕೂಡಲೇ "ಗಾರ್ಡನ್ ಮಾಡೋದಾ?" ಅಂತ ಕೇಳುತ್ತಾರೆ. ಗಾರ್ಡನ್ನೂ ಹೌದು. ಆದರೆ ಆ ಎರಡು ವರ್ಷ ಮುಖ್ಯವಾಗಿ ಕಲಿಯುವುದು ನೆಲವನ್ನು ಓದುವುದು. ಮಳೆನೀರು ಎತ್ತ ಹರಿಯುತ್ತದೆ, ಎಲ್ಲಿ ಇಂಗುತ್ತದೆ, ಯಾವ ಮಣ್ಣಿಗೆ ಯಾವ ಮರ, ಎಲ್ಲಿ ಕಟ್ಟಲೇಬಾರದು.

ಬೆಂಗಳೂರನ್ನೇ ತಗೊಳ್ಳಿ. ಊರು ಕೂತಿರುವುದು ದಿಣ್ಣೆಯ ಮೇಲೆ. ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಸೇರುತ್ತದೆ. ಆ ದಾರಿಗೆ ಅಡ್ಡ ಕಟ್ಟಿದ್ದರ ಫಲವನ್ನು 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಜನ ಅನುಭವಿಸಿದರು. ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಬೇಕಾಯಿತು. ನೆಲದ ಏರಿಳಿತ ತೋರಿಸುವ ಕಾಂಟೂರ್ ಮ್ಯಾಪ್ ಮೇಲೆ ಮಣ್ಣು, ಕಾಲುವೆ, ಕೆರೆಯಂಗಳವನ್ನು ಪದರ ಪದರವಾಗಿ ಇಟ್ಟು ನೋಡಿದರೆ ಕಟ್ಟಬಾರದ ಜಾಗ ಎದ್ದು ಕಾಣುತ್ತದೆ. 1960ರ ದಶಕದಲ್ಲೇ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಇಯಾನ್ ಮೆಕ್‌ಹಾರ್ಗ್ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲೇ ನಕ್ಷೆಗಳನ್ನು ಜೋಡಿಸಿ ನೋಡುವ ಜಿಐಎಸ್ ಇದೆ, ಕೆಲಸ ಇನ್ನೂ ಸುಲಭ.

ಇಷ್ಟು ಬೇಕಾದ ವಿದ್ಯೆಗೆ ಬಾಗಿಲು ಮಾತ್ರ ತೀರಾ ಕಿರಿದು. ದೆಹಲಿಯ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್)ಯಲ್ಲಿ 1972ರಿಂದ ಈ ಕೋರ್ಸ್ ಇದೆ. ಆದರೂ ದೇಶದ ಹೆಚ್ಚಿನ ಕಡೆ ಇವತ್ತಿಗೂ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಆಗಿದ್ದರೇ ಸೀಟು. ಪಕ್ಕದ ಎಂ.ಪ್ಲಾನ್‌ಗೆ (ನಗರ ಯೋಜನೆಯಂಥ ವಿಷಯಗಳ ಸ್ನಾತಕೋತ್ತರ ಪದವಿ) ಸಿವಿಲ್ ಎಂಜಿನಿಯರ್ ಬರಬಹುದು, ಭೂಗೋಳದಲ್ಲೋ ಅರ್ಥಶಾಸ್ತ್ರದಲ್ಲೋ ಎಂ.ಎ. ಮಾಡಿದವರೂ ಬರಬಹುದು. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಗಿಡ, ಮಣ್ಣು, ನೀರು ಅಂತ ಓದಿದ ಹುಡುಗಿಗೆ ಲ್ಯಾಂಡ್‌ಸ್ಕೇಪ್ ಎಂ.ಆರ್ಕ್‌ನಲ್ಲಿ ಜಾಗವಿಲ್ಲ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಲಾಲ್‌ಬಾಗ್‌ನ ಕ್ರುಂಬಿಗಲ್ ನೆನಪಿದ್ದಾರಲ್ವಾ? ಜರ್ಮನಿಯಲ್ಲಿ ತೋಟಗಾರಿಕೆ ಕಲಿತು, ಲಂಡನ್ನಿನ ಕ್ಯೂ ಗಾರ್ಡನ್‌ನಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾಕ್ಕೆ, 1908ರಲ್ಲಿ ಬೆಂಗಳೂರಿಗೆ ಬಂದವರು. ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ನಮ್ಮ ರಸ್ತೆಗಳ ಸಾಲುಮರ ಯೋಚಿಸಿದವರು. ಇಂದಿನ ನಿಯಮದಲ್ಲಿ ಅವರು ಈ ಕೋರ್ಸಿಗೆ ಅರ್ಜಿಯನ್ನೂ ಹಾಕುವ ಹಾಗಿರಲಿಲ್ಲ.

ಡ್ರಾಯಿಂಗ್ ಬರದವರು ಡಿಸೈನ್ ಹೇಗೆ ಮಾಡುತ್ತಾರೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಬೇರೆ ಪದವಿಯವರಿಗೆ ಮೂರು ವರ್ಷದ ಎಂಎಲ್‌ಎ (ಮಾಸ್ಟರ್ ಆಫ್ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್) ನಡೆಸುತ್ತವೆ. ಡ್ರಾಯಿಂಗ್, ಗ್ರೇಡಿಂಗ್ (ನೆಲದ ಇಳಿಜಾರನ್ನು ರೂಪಿಸುವುದು) ಎಲ್ಲ ಮೊದಲಿಂದ ಕಲಿಸುತ್ತವೆ. ಬಿ.ಆರ್ಕ್‌ನಿಂದ ಬಂದವರಿಗೆ ಹೊಂಗೆ ಯಾವುದು, ಮತ್ತಿ ಯಾವುದು ಅಂತ ನಾವೂ ಮೊದಲಿಂದ ಹೇಳಿಕೊಡುತ್ತೇವೆ. ಹಾಗಿದ್ದ ಮೇಲೆ ಗಿಡ ಗೊತ್ತಿರುವವರಿಗೆ ಗೆರೆ ಎಳೆಯುವುದನ್ನು ಕಲಿಸಲು ಒಂದು ವರ್ಷ ಜಾಸ್ತಿ ಕೊಡುವುದು ಏನು ಕಷ್ಟ? ಕೆರೆಗಳನ್ನೇ ನಂಬಿ ಊರು ಕಟ್ಟಿದ ಕರ್ನಾಟಕದ ಕಾಲೇಜುಗಳೇ ಇದಕ್ಕೆ ಮೊದಲು ಒತ್ತಾಯಿಸಬೇಕು.